ತಲೆ ಇಲ್ಲದ ಸೈತಾನ, ಕೈಲಿ ಮುಖವಾಡ: ಆ ಕ್ಲೇ ಆನಿಮೇಷನ್ ಕ್ಲಿಪ್‌ಗೆ ನಿಜವಾಗ್ಲೂ ಏನಾದ್ರೂ ಅರ್ಥ ಇದ್ಯಾ?

ಹಳೇಟೇಪ್
ಎಲ್ರಿಗೂ ನಮಸ್ಕಾರ. ಅಕ್ಕನ ಎಂಟು ವರ್ಷದ ಮಗ ಮೊಬೈಲಲ್ಲಿ ಏನೋ ನೋಡ್ತಾ ಕೂತಿದ್ದೋನು ಇದ್ದಕ್ಕಿದ್ದಂಗೆ ಫೋನ್ ಬೋರಲು ಹಾಕಿ ಅಡುಗೆಮನೆಗೆ ಎದ್ದು ಹೋಗ್ಬಿಟ್ಟ, ಏನಪ್ಪಾ ಅಂತ ಎತ್ತಿ ನೋಡಿದ್ರೆ ಆ ಮಣ್ಣಿನ ಗೊಂಬೆ ಕ್ಲಿಪ್ಪು. ನಿಮ್ಮಲ್ಲಿ ಸುಮಾರು ಜನ ನೋಡಿರ್ತೀರ. ಮೂರು ಮಕ್ಕಳು ಒಂದು ಬಾಗಿಲು ತೆಗೀತಾರೆ, ಆಚೆ ಬರೀ ಶೂನ್ಯ, ಅದ್ರಲ್ಲಿ ತೇಲ್ತಿರೋ ಒಂದು ತುಂಡು ನೆಲ. ಅಲ್ಲಿ ತಲೆನೇ ಇಲ್ದಿರೋ ಒಂದು ಆಕೃತಿ, ಮುಖ ಇರ್ಬೇಕಾದ ಕಡೆ ಮುಖವಾಡ. ನಾನೊಬ್ಬ ದೇವದೂತ ಅನ್ನುತ್ತೆ, ಹೆಸರು ಕೇಳಿದ್ರೆ ಸೈತಾನ್ ಅನ್ನುತ್ತೆ. ಆಮೇಲೆ ಮಕ್ಕಳ ಜೊತೆ ಕೂತು ಪುಟ್ಟ ಪುಟ್ಟ ಮಣ್ಣಿನ ಜನ ಮಾಡಿ ಜೀವ ಕೊಡ್ತಾನೆ, ಅವ್ರು ಜಗಳ ಆಡ್ತಾರೆ ಅಂತ ಹೊಸಕಿ ಹಾಕ್ತಾನೆ, ಕೊನೆಗೆ ಬಿರುಗಾಳಿ ಭೂಕಂಪ ತಂದು ಊರಿಗೆ ಊರೇ ನುಂಗಿಸ್ತಾನೆ, ಬೇಕಾದ್ರೆ ಇನ್ನಷ್ಟು ಜನರನ್ನ ಮಾಡ್ಕೋಬಹುದು ಬಿಡಿ ಅನ್ನೋ ಥರ ಮಾತು. ಅಷ್ಟು ಹೊತ್ತೂ ಆ ಮುಖವಾಡ ಬದಲಾಗ್ತಾನೇ ಇರುತ್ತೆ.

ಹುಡುಗ ಅಳ್ಲಿಲ್ಲ, ಕಿರುಚ್ಲಿಲ್ಲ. ಊಟಕ್ಕೆ ಕೂತಾಗ "ಮಾಮಾ, ಅವ್ನ ನಿಜವಾದ ಮುಖ ಎಲ್ಲಿದೆ" ಅಂತ ಕೇಳ್ದ. ನನ್ನ ಹತ್ರ ಉತ್ತರ ಇಲ್ಲ. ಇದು ಯಾವ ಸಿನಿಮಾ, ಬ್ಯಾನ್ ಆಗಿತ್ತು ಅಂತಾರಲ್ಲ ಹೌದಾ, ಮತ್ತೆ ಐಡೆಂಟಿಟಿ ಬಗ್ಗೆ ಗೂಢಾರ್ಥ ಇದೆ ಅಂತ ಉದ್ದುದ್ದ ವಿಡಿಯೋ ಮಾಡಿದಾರಲ್ಲ ಅದ್ರಲ್ಲಿ ಸತ್ಯ ಎಷ್ಟು? ಗೊತ್ತಿರೋರು ಹೇಳಿ.

ರಾತ್ರಿಪಾಳಿ
ಅಯ್ಯೋ ಅದಾ. ಮಧ್ಯರಾತ್ರಿ ಬ್ರೇಕಲ್ಲಿ ನೋಡಿ ಪ್ಯಾಂಟ್ರಿಗೆ ಒಬ್ನೇ ಹೋಗೋಕೆ ಭಯ ಆಗಿತ್ತು ಗುರು.

ಕೊನೇಬೆಂಚು
ಸಿನಿಮಾ 1985ರದ್ದು, "ದಿ ಅಡ್ವೆಂಚರ್ಸ್ ಆಫ್ ಮಾರ್ಕ್ ಟ್ವೇನ್". ಮಾಡಿದ್ದು ವಿಲ್ ವಿಂಟನ್, ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ಪೂರ್ತಿ ಕ್ಲೇ. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಹುಟ್ಟಿದ್ದು 1835, ಹ್ಯಾಲಿ ಧೂಮಕೇತು ಬಂದಿದ್ದ ವರ್ಷ, ಸತ್ತಿದ್ದು 1910, ಅದು ವಾಪಸ್ ಬಂದ ವರ್ಷ. ಅದನ್ನೇ ಕಥೆ ಮಾಡಿದಾರೆ: ಟ್ವೇನ್ ಒಂದು ಹಾರೋ ಹಡಗು ಕಟ್ಕೊಂಡು ಧೂಮಕೇತುನ ಎದುರುಗೊಳ್ಳೋಕೆ ಹೊರಡ್ತಾನೆ, ಅವನದೇ ಪುಸ್ತಕದ ಪಾತ್ರಗಳಾದ ಟಾಮ್ ಸಾಯರ್, ಹಕ್ ಫಿನ್, ಬೆಕಿ ಥ್ಯಾಚರ್ ಕದ್ದು ಹತ್ಕೋತಾರೆ. ನೀವು ನೋಡಿದ ಆ ಮೂರು ಮಕ್ಕಳು ಇವ್ರೇ. ಹ್ಯಾಲಿ 1986ರಲ್ಲಿ ಮತ್ತೆ ಬರೋದಿತ್ತಲ್ಲ, ಆ ಟೈಮಿಗೆ ಸರಿಯಾಗಿ ಸಿನಿಮಾ ಬಿಟ್ರು.

ಬ್ಯಾನ್ ವಿಷಯ: ಅಮೆರಿಕದಲ್ಲಿ ಅದಕ್ಕೆ ಸಿಕ್ಕಿದ್ದು ಜಿ ಸರ್ಟಿಫಿಕೇಟ್. ಅಂದ್ರೆ ಎಲ್ಲಾ ವಯಸ್ಸಿನ ಮಕ್ಕಳೂ ನೋಡ್ಬಹುದು ಅಂತ 😂 ಬ್ಯಾನ್ ಅಂತ ಹೆಡ್ಡಿಂಗ್ ಹಾಕಿದ್ರೆ ಜಾಸ್ತಿ ಜನ ಒತ್ತುತಾರೆ, ಅಷ್ಟೇ.

ಎರಡುಮಕ್ಕಳಮ್ಮ
ಜಿ ಸರ್ಟಿಫಿಕೇಟಾ?! ಯಾರು ಕೊಟ್ಟೋರು, ಮುಂದಿನ ಅರ್ಧ ಗಂಟೆ ನೋಡ್ದೇನೇ ಎದ್ದು ಹೋಗಿದ್ರಾ?

ಸುಮ್ನೆಬಂದೆ
ನನ್ನ ಪ್ರಕಾರ ಗೂಢಾರ್ಥ ಗೀಢಾರ್ಥ ಏನೂ ಇಲ್ಲ. ಮಕ್ಕಳ ಸಿನಿಮಾದಲ್ಲಿ ಐದು ನಿಮಿಷ ಹೆದರ್ಸೋಣ ಅಂತ ಹಾಕಿದಾರೆ. ಈಗಿನ ಯೂಟ್ಯೂಬ್ ಜನಕ್ಕೆ ಪಿಂಗು ಅನ್ನೋ ಕ್ಲೇ ಪೆಂಗ್ವಿನ್ ಕನಸಲ್ಲಿ ಬರೋ ವಾಲ್ರಸ್‌ನಲ್ಲೂ ಗೂಢಾರ್ಥ ಕಾಣುತ್ತೆ. ಜೇಡಿಮಣ್ಣು ಹಿಸುಕಿದ್ರೆ ಯಾವ ಮುಖ ಆದ್ರೂ ಭಯಾನಕವಾಗೇ ಕಾಣ್ಸೋದು.

ಬೊಂಬೆಕೆಲಸ
ಜೇಡಿಮಣ್ಣಲ್ಲ ಅಣ್ಣಾ ಅದು. ಗಣಪತಿ ಮಾಡೋ ಮಣ್ಣಲ್ಲಿ ಆನಿಮೇಷನ್ ಮಾಡಕ್ಕಾಗಲ್ಲ, ಲೈಟಿನ ಕೆಳಗೆ ಒಣಗಿ ಬಿರುಕು ಬಿಡುತ್ತೆ. ಇದು ಪ್ಲಾಸ್ಟಿಸಿನ್ ಥರದ್ದು, ಎಣ್ಣೆ ಮೇಣ ಎಲ್ಲಾ ಸೇರಿರುತ್ತೆ, ಒಣಗೋದೇ ಇಲ್ಲ. ಬೆಂಗಳೂರಲ್ಲಿ ಜಾಹೀರಾತಿಗೆ ಸ್ಟಾಪ್ ಮೋಷನ್ (ಗೊಂಬೆನ ಚೂರು ಚೂರೇ ಬದಲಾಯಿಸಿ ಒಂದೊಂದೇ ಫೋಟೋ ತೆಗೆಯೋದು) ಮಾಡೋ ಕೆಲಸ ನಂದು, ಅದಕ್ಕೇ ಇಲ್ಲಿ ಮೂಗು ತೂರಿಸ್ತಿದೀನಿ.

ಭಯ ಯಾಕಾಗುತ್ತೆ ಅಂದ್ರೆ ಒಂದು ಕೆಲಸದ ಕಾರಣ ಇದೆ. ಕೈಲಿ ಬಿಡಿಸೋ ಕಾರ್ಟೂನಲ್ಲಿ ನಗ್ತಿರೋ ಮುಖ ಒಂದು ಹಾಳೆ, ಅಳ್ತಿರೋ ಮುಖ ಇನ್ನೊಂದು ಹಾಳೆ, ಎರಡೂ ಕೊನೆ ತನಕ ಉಳಿಯುತ್ತೆ. ಕ್ಲೇನಲ್ಲಿ ಒಂದು ಮುಖ ಇನ್ನೊಂದಾಗ್ಬೇಕಾದ್ರೆ ಅದೇ ಮುದ್ದೆನ ಒತ್ತಬೇಕು, ಒಂದು ಫ್ರೇಮ್ ತೆಗೀಬೇಕು, ಮತ್ತೆ ಒತ್ತಬೇಕು. ಹಿಂದಿನ ಮುಖ ಹೋಯ್ತು ಅಂದ್ರೆ ಹೋಯ್ತು. ನಡುವೆ ತಪ್ಪಾದ್ರೆ ವಾಪಸ್ ಹೋಗೋ ದಾರಿನೇ ಇಲ್ಲ. ಸೆಕೆಂಡಿಗೆ 24 ಫ್ರೇಮು, ಎರಡೆರಡು ಫ್ರೇಮಿಗೆ ಒಂದು ಭಂಗಿ ಅಂದ್ಕೊಂಡ್ರೂ ನಿಮಿಷಕ್ಕೆ 720 ಸಲ ಆ ಮುಖನ ಸಾಯಿಸಿ ಹುಟ್ಟಿಸ್ಬೇಕು. ಆ ಸೈತಾನ್ ಮುಖವಾಡ ಮೆಲ್ಲಗೆ ಬದಲಾಗೋದು ನೋಡ್ತೀರಲ್ಲ, ಅಲ್ಲಿ ಮೊದಲು ಇದ್ದ ನಗುಮುಖ ಯಾವ ಪೆಟ್ಟಿಗೆಲೂ ಇಲ್ಲ, ಕೊನೇಲಿ ಕಾಣೋ ಕೆಟ್ಟ ಮುಖದ ಒಳಗೇ ಕಲಸಿ ಹೋಗಿದೆ. ನಿಮ್ಮ ಅಕ್ಕನ ಮಗ ಕೇಳಿದ ಪ್ರಶ್ನೆಗೆ ನಾನಾಗಿದ್ರೆ ಇದೇ ಉತ್ತರ ಹೇಳ್ತಿದ್ದೆ.

ರಾತ್ರಿಪಾಳಿ
720 ಸಲ ಸಾಯಿಸಿ ಹುಟ್ಟಿಸ್ಬೇಕು ಅಂತ ಎಂಟು ವರ್ಷದ ಹುಡುಗನಿಗೆ ಹೇಳ್ತಿದ್ರಾ, ಭೇಷ್.

ಹಳೇಟೇಪ್
@ಬೊಂಬೆಕೆಲಸ ಇದು ನಂಗೆ ಹೊಳ್ದೇ ಇರ್ಲಿಲ್ಲ. ಇನ್ನೊಂದು ಕೇಳ್ಬೇಕಿತ್ತು, ಅವನ ದನಿ ಯಾಕೆ ಹಂಗಿದೆ? ಒಬ್ಬ ಮಾತಾಡಿದಂಗೆ ಇಲ್ಲ.

ಬೊಂಬೆಕೆಲಸ
ಗಂಡು ದನಿ ಹೆಣ್ಣು ದನಿ ಎರಡೂ ಒಟ್ಟಿಗೆ ಇದೆ. ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಬಿಡಿಬಿಡಿಯಾಗಿ ಗೊತ್ತಾಗುತ್ತೆ. ಯಾವ್ದೋ ಒಂದು ಮುಖಕ್ಕೆ ಅಂಟಿಸೋಕೆ ಆಗ್ಬಾರ್ದು ಅನ್ನೋ ಉದ್ದೇಶ.

ಫೇಡಾಪ್ರಿಯ
ನಮಸ್ಕಾರ್ರಿ. ಧಾರವಾಡದಾಗ ಡಿಗ್ರಿ ಹುಡುಗರಿಗೆ ಇಂಗ್ಲಿಷ್ ಕಲಸ್ತೀನಿ, ಹಿಂಗಾಗಿ ಸುಮ್ನ ಕುಂದ್ರಾಕ ಆಗವಲ್ದು, ಸ್ವಲ್ಪ ಉದ್ದ ಆಗತೈತಿ.

ಸಿನಿಮಾದಾಗ ಗೂಢಾರ್ಥ ಅಂತ ಮುಚ್ಚಿಟ್ಟಿದ್ದು ಏನೂ ಇಲ್ಲರಿ, ಸೈತಾನ ಎಲ್ಲಾನೂ ಬಾಯಿಬಿಟ್ಟ ಹೇಳ್ತಾನ: ಜೀವನ ಅನ್ನೋದು ಬರೇ ಕನಸು, ಖಾಲಿ ಜಾಗಾ ಮತ್ತ ನೀನು ಬಿಟ್ರ ಏನೂ ಇಲ್ಲ, ನೀನೂ ಬರೇ ಒಂದು ವಿಚಾರ ಅಂತ. ಇದಕ್ಕಿಂತ ಬಿಚ್ಚಿ ಹೇಳೂದು ಏನೈತಿ? ಮುಚ್ಚಿಟ್ಟಿದ್ದು ಇರೋದು ಈ ದೃಶ್ಯಕ್ಕ ಮೂಲ ಆದ ಟ್ವೇನ್‌ನ ಪುಸ್ತಕದಾಗ.

ಟ್ವೇನ್ ಈ ಕತಿ ಬರಿಯಾಕ ಕುಂತದ್ದು 1897ರಾಗ. ಅದರ ಹಿಂದಿನ ವರ್ಷ ಆಗಸ್ಟಿನಾಗ ಮಗಳು ಸೂಸಿ ಮೆದುಳಜ್ವರಕ್ಕ ತೀರಿಕೊಂಡಿದ್ಲು, ಈತ ಇಂಗ್ಲೆಂಡಿನಾಗ ಇದ್ದ, ಮಾರಿ ನೋಡಾಕೂ ಸಿಗಲಿಲ್ಲ. ಕತಿ ಮುಗಸಲೇ ಇಲ್ಲ. ಮೂರು ಬ್ಯಾರೆ ಬ್ಯಾರೆ ಹಸ್ತಪ್ರತಿ ಬಿಟ್ಟು 1910ರಾಗ ಹೋದ. ಅವನ ಕಾಗದಪತ್ರ ನೋಡಿಕೊಳ್ಳತಿದ್ದ ಆಲ್ಬರ್ಟ್ ಬಿಗೆಲೋ ಪೇನ್ ಅನ್ನಾಂವ ಹಾರ್ಪರ್ಸ್ ಪ್ರಕಾಶನದ ಫ್ರೆಡರಿಕ್ ಡ್ಯೂನೆಕಾ ಜೋಡಿ ಕುಂತು, ಮೊದಲನೇ ಹಸ್ತಪ್ರತಿಗೆ ಮೂರನೇದರ ಕಡೀ ಅಧ್ಯಾಯ ತಂದು ಹಚ್ಚಿ, ಹೆಸರು ಬದಲಿ ಮಾಡಿ, ಟ್ವೇನ್ ಬರೆದೇ ಇರದ ಒಬ್ಬ ಜ್ಯೋತಿಷಿನ್ನೂ ಒಳಗ ಕೂಡಿಸಿ, 1916ರಾಗ "ದಿ ಮಿಸ್ಟೀರಿಯಸ್ ಸ್ಟ್ರೇಂಜರ್" ಅಂತ ಅಚ್ಚು ಹಾಕಿಸಿದ್ರು. ನಮ್ಮ ಅಜ್ಜಿ ಹಳೇ ಸೀರಿ ತುಂಡು ಕೂಡಿಸಿ ಕೌದಿ ಹೊಲಿತಿದ್ಲಲ್ಲ, ಹಂಗ. ಫರಕು ಏನಂದ್ರ ಅಜ್ಜಿ ಇದು ಹೊಸ ಸೀರಿ ಅಂತ ಯಾರಿಗೂ ಹೇಳಿರಲಿಲ್ಲ. 1963ರಾಗ ಜಾನ್ ಟಕಿ ಅನ್ನೋ ವಿದ್ವಾಂಸ ಹಸ್ತಪ್ರತಿ ತಗದು ನೋಡಿ ಬಯಲಿಗೆ ತರೋತನಕ ಇದು ಟ್ವೇನ್ ಬರೆದಿದ್ದ ಪುಸ್ತಕ ಅಂತನೇ ಮಂದಿ ಓದಿದ್ರು.

ಈಗ ಆ ಕ್ಲಿಪ್ ನೋಡ್ರಿ. ಮಣ್ಣಿನ ಮಂದಿ ಮಾಡಿ ಹೊಸಕೋದು ಮೊದಲನೇ ಹಸ್ತಪ್ರತಿದು. ಎಲ್ಲಾ ಕನಸು ಅನ್ನೋ ಮಾತು ಮೂರನೇದ್ದು. ಅಂದ್ರ ಆ ಐದು ನಿಮಿಷದ ಸೈತಾನ ಒಬ್ಬ ಅಲ್ಲ, ಇಬ್ಬರನ್ನ ಹೊಲಿದು ಮಾಡಿದಾಂವ. ಐಡೆಂಟಿಟಿ ಅಂತ ಬಡಕೊಳ್ಳೋ ವಿಡಿಯೋದವರು ಇದನ್ನ ಹೇಳೂದೇ ಇಲ್ಲ.

ಕೊನೇಬೆಂಚು
ಸಾರ್ ಮೂರನೇ ಹಸ್ತಪ್ರತಿಲಿ ಏನಿದೆ ಹಂಗಾದ್ರೆ?

ಫೇಡಾಪ್ರಿಯ
ಅದು ಇನ್ನೂ ಮಜಾ ಐತ್ರಿ. 1490ರ ಆಸ್ಟ್ರಿಯಾ, ಒಂದು ಅಚ್ಚುಕೂಟ. ಅಲ್ಲಿಗೆ ಬರೋ ಹುಡುಗನ ಹೆಸರು ಬರೇ ನಂಬರು, 44. ಅಚ್ಚಿನ ಮಂದಿ ಸ್ಟ್ರೈಕ್ ಮಾಡ್ತಾರ, ಆ ಹುಡುಗ ಏನ್ ಮಾಡ್ತಾನ ಅಂದ್ರ ಪ್ರತಿಯೊಬ್ಬ ಕೆಲಸಗಾರಂದೂ ಒಂದೊಂದು ನಕಲು ತಯಾರ ಮಾಡಿಬಿಡ್ತಾನ. ನಕಲಿಗೆ ಪಗಾರ ಬ್ಯಾಡ. ಅಸಲೀ ಮಂದಿಗೂ ನಕಲೀ ಮಂದಿಗೂ ಹೊಡದಾಟ. ಕತಿ ಹೇಳೋ ಹುಡುಗ ಆಗಸ್ಟ್‌ನ ನಕಲು ಎಮಿಲ್ ಅಂತ, ಆಂವ ನನಗ ಈ ದೇಹದಾಗ ಇರಾಕ ಮನಸ್ಸಿಲ್ಲ, ಬಿಟ್ಟುಬಿಡು ಅಂತ ಗೋಗರೀತಾನ. ಎಚ್ಚರದಾಗ ಇರೋ ನಾನು, ಕನಸಿನಾಗಿನ ನಾನು ಎರಡೂ ಬ್ಯಾರೆ ಮನಶ್ಯಾರು ಅನ್ನೋ ವಿಚಾರ ಅಲ್ಲಿ ಪೂರಾ ಐತಿ. 1969ರಾಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಮೂರೂ ಹಸ್ತಪ್ರತಿ ಇದ್ದಂಗ ಛಾಪಿಸ್ಯಾರ, ಓದ್ರಿ.

ರಾತ್ರಿಪಾಳಿ
ಸ್ಟ್ರೈಕ್ ಮಾಡಿದ್ರೆ ಸಂಬಳ ಕೇಳದ ನಕಲು ತಂದು ಕೂರಿಸ್ತಾರಾ. ನಮ್ಮ ಮ್ಯಾನೇಜರ್‌ಗೆ ಈ ಪುಸ್ತಕ ಯಾರೂ ಕೊಡ್ಬೇಡಿ ದಯವಿಟ್ಟು.

ಕಾವಿಶಾಲು
ಇದೆಲ್ಲಾ ನಮ್ಮಲ್ಲಿ ಯಾವಾಗ್ಲೋ ಹೇಳಿದ್ದೇ ಅಲ್ವಾ. ಜಗತ್ತು ಮಿಥ್ಯ, ನೀನೊಬ್ಬನೇ ಸತ್ಯ. ಪೂರ್ತಿ ಅದ್ವೈತ. ಟ್ವೇನ್ ಕಾಶಿಗೆ ಬಂದು ಕಲ್ತ್ಕೊಂಡು ಹೋಗಿದಾನೆ, ಹೆಸರು ಹೇಳಿಲ್ಲ ಅಷ್ಟೇ.

ಕರಾವಳಿಕಾಗೆ
ಅಲ್ಲ ಮಾರಾಯ್ರೇ, ಶಂಕರಾಚಾರ್ಯರ ತಲೆಗೆ ಯಾಕೆ ಕಟ್ತೀರಿ ಇದನ್ನು. ಅದ್ವೈತದಲ್ಲಿ ಜಗತ್ತು ಹೋದ ಮೇಲೆ ಬ್ರಹ್ಮ ಉಳೀತದೆ, ಸತ್-ಚಿತ್-ಆನಂದ ಅಂತ ಹೇಳ್ತಾರಲ್ಲ. ಇವನ ಕಥೆಯಲ್ಲಿ ಉಳಿಯುವುದು ಎಂಥದ್ದು? ಖಾಲಿ ಆಕಾಶದಲ್ಲಿ ಅಲೀತಾ ಇರುವ ಒಂಟಿ ಯೋಚನೆ. ಆನಂದ ಎಲ್ಲಿ ಉಂಟು ಅದರಲ್ಲಿ? ಹೊರಗೆ ವಸ್ತುವೇ ಇಲ್ಲ, ಎಲ್ಲಾ ಮನಸ್ಸಿನದ್ದು ಅಂತ ಹೇಳುವ ವಿಜ್ಞಾನವಾದಿ ಬೌದ್ಧರನ್ನು ಶಂಕರರೇ ಬ್ರಹ್ಮಸೂತ್ರ ಭಾಷ್ಯದಲ್ಲಿ ಖಂಡಿಸಿದ್ದಾರೆ, ಎದುರಿಗೆ ಕಾಣುವ ಕಂಬವನ್ನು ಇಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ ಅಂತ.

ನಾನಂತೂ ಉಡುಪಿ ಕಡೆಯವ, ನಮ್ಮಲ್ಲಿ ಮಧ್ವಾಚಾರ್ಯರು ಪಂಚಭೇದ ಅಂತ ಹೇಳಿ ಆಗಿದೆ. ಮಾಡಿದವ ಬೇರೆ, ಮಣ್ಣು ಬೇರೆ, ಒಂದು ಜೀವ ಬೇರೆ ಇನ್ನೊಂದು ಜೀವ ಬೇರೆ, ಜಗತ್ತು ಸತ್ಯವೇ. ಹೊಸಕಿದ್ರೆ ನಿಜವಾಗಿಯೂ ನೋವಾಗ್ತದೆ.

ಕಾವಿಶಾಲು
ವ್ಯಾವಹಾರಿಕ (ದಿನನಿತ್ಯದ ಮಟ್ಟದ ಸತ್ಯ) ಪಾರಮಾರ್ಥಿಕ (ಪರಮ ಸತ್ಯ) ವ್ಯತ್ಯಾಸ ತಿಳ್ಕೊಂಡು ಮಾತಾಡಿ ಸ್ವಾಮಿ. ನೋವಾಗಲ್ಲ ಅಂತ ಯಾರು ಹೇಳಿದ್ರು

ಸುಮ್ನೆಬಂದೆ
ಮುಗೀತು. ಮಣ್ಣಿನ ಗೊಂಬೆಯಿಂದ ಹೊರಟು ಎಂಟುನೂರು ವರ್ಷದ ಜಗಳಕ್ಕೆ ಬಂದ್ವಿ.

ನಿರ್ವಾಹಕ
ದ್ವೈತ-ಅದ್ವೈತಕ್ಕೆ ಪ್ರತ್ಯೇಕ ವಿಭಾಗ ಇದೆ, ಅಲ್ಲಿ ಈಗಾಗ್ಲೇ ಸಾಕಷ್ಟು ಬೆಂಕಿ ಹತ್ತಿದೆ. ಇಲ್ಲಿ ಆನಿಮೇಷನ್ ಮಾತ್ರ.

ಫೇಡಾಪ್ರಿಯ
ನಿರ್ವಾಹಕರ, ಒಂದೇ ಮಾತು, ಆಮ್ಯಾಲ ಸುಮ್ನಾಗತೀನಿ. ಟ್ವೇನ್ ಭಾರತಕ್ಕ ಬಂದಿದ್ದು ಖರೇ, 1896ರಾಗ. ಸಾಲ ತೀರಸಾಕ ಜಗತ್ತೆಲ್ಲಾ ಭಾಷಣ ಮಾಡ್ಕೋತ ಹೊಂಟಿದ್ದ, ಪ್ರಕಾಶನ ಸಂಸ್ಥೆ ದಿವಾಳಿ ಆಗಿತ್ತು. ಕಾಶಿಯೊಳಗ ಭಾಸ್ಕರಾನಂದ ಸರಸ್ವತಿ ಅನ್ನೋ ಸ್ವಾಮಿಗಳನ್ನ ಭೆಟ್ಟಿ ಆಗಿ, ಅವರು ತಮ್ಮ ಪುಸ್ತಕ ಕೊಟ್ರ ಈತ "ಹಕಲ್‌ಬೆರಿ ಫಿನ್" ಕೊಟ್ಟ, 1897ರ ಪ್ರವಾಸ ಪುಸ್ತಕದಾಗ ತಾನೇ ಬರದಾನ. ಸೈತಾನನ ಕತಿಯೊಳಗೂ ಭಾರತ ಬರತೈತಿ, ಒಂದು ಊರಾಗ ಜಾದೂಗಾರ ಗಿಡ ಬೆಳೆಸೋ ಪ್ರಸಂಗ. ಆದ್ರ ಅಲ್ಲಿಂದ ವೇದಾಂತ ಕಲ್ತು ಹೋದ ಅನ್ನಾಕ ಆಧಾರ ಇಲ್ಲ. ಮಗಳು ಸತ್ತ ಅಪ್ಪಗ ಇದೆಲ್ಲಾ ಕನಸಾಗಿರಲಿ ಅನಸಾಕ ಯಾವ ಶಾಸ್ತ್ರಾನೂ ಬ್ಯಾಡ್ರಿ.

ಎರಡುಮಕ್ಕಳಮ್ಮ
ಕೊನೇ ಸಾಲು ಓದಿ ಸುಮ್ನೆ ಕೂತ್ಬಿಟ್ಟೆ ಸಾರ್.

ಹಿಲ್ಸ್‌ಬರೋಮಳೆ
ಪೋರ್ಟ್‌ಲ್ಯಾಂಡ್ ಹೆಸರು ಬಂತಲ್ಲ, ನಾನಿರೋದು ಪಕ್ಕದ ಹಿಲ್ಸ್‌ಬರೋದಲ್ಲಿ, ಇಲ್ಲಿ ಚಿಪ್ ಕಂಪನಿ ಕೆಲಸಕ್ಕೆ ಬಂದಿರೋ ಕನ್ನಡದೋರು ತುಂಬಾ ಜನ ಇದೀವಿ. ವಿಂಟನ್ ಬಗ್ಗೆ ಸ್ವಲ್ಪ ಹೇಳ್ತೀನಿ. ಅವನೂ ಬಾಬ್ ಗಾರ್ಡಿನರ್ ಅನ್ನೋನೂ ಸೇರಿ ಮಾಡಿದ "ಕ್ಲೋಸ್ಡ್ ಮಂಡೇಸ್" ಅನ್ನೋ ಕಿರುಚಿತ್ರಕ್ಕೆ 1975ರಲ್ಲಿ ಆಸ್ಕರ್ ಬಂತು. ಅದನ್ನ ನೋಡಿ, ಎಂಟು ನಿಮಿಷದ್ದು. ಒಬ್ಬ ಕುಡುಕ ಮುಚ್ಚಿರೋ ಆರ್ಟ್ ಗ್ಯಾಲರಿ ಒಳಗೆ ಹೋಗ್ತಾನೆ, ಅಲ್ಲಿರೋ ಕಲಾಕೃತಿಗಳೆಲ್ಲಾ ಜೀವ ಬಂದು ಕಾಡುತ್ತವೆ, ಕೊನೆಗೆ ಹೊರಗೆ ಓಡ್ಬೇಕು ಅನ್ನೋವಾಗ ಅವನೇ ಒಂದು ಪ್ರತಿಮೆ ಆಗಿ ನಿಂತ್ಬಿಡ್ತಾನೆ. ನೋಡೋಕೆ ಬಂದೋನೇ ನೋಡೋ ವಸ್ತು ಆದ. ಅಂದ್ರೆ ಹತ್ತು ವರ್ಷ ಮುಂಚೆನೇ ಇವ್ನ ತಲೇಲಿ ಈ ಹುಳ ಇತ್ತು, ಟ್ವೇನ್ ಒಂದು ನೆಪ.

"ಕ್ಲೇಮೇಷನ್" ಅನ್ನೋ ಹೆಸರನ್ನ ಟ್ರೇಡ್‌ಮಾರ್ಕ್ ಮಾಡಿಸ್ಕೊಂಡಿದ್ದೂ ಇವ್ನೇ. 1986ರಲ್ಲಿ ಕುಣಿಯೋ ಒಣದ್ರಾಕ್ಷಿ ಜಾಹೀರಾತು ಮಾಡಿ ಮನೆಮಾತಾದ. ಆಮೇಲೆ ದುಡ್ಡಿನ ತೊಂದರೆ, ನೈಕಿ ಕಂಪನಿಯ ಫಿಲ್ ನೈಟ್ ಬಂಡವಾಳ ಹಾಕಿದ್ರು, ಕೊನೆಗೆ ತನ್ನ ಹೆಸರಿನ ಸ್ಟುಡಿಯೋನೇ ವಿಂಟನ್ ಕೈಬಿಟ್ಟು ಹೋಯ್ತು. 2005ರಲ್ಲಿ ಅದೇ ಲೈಕಾ ಅನ್ನೋ ಆನಿಮೇಷನ್ ಸ್ಟುಡಿಯೋ ಆಯ್ತು, ನಮ್ಮೂರಲ್ಲೇ ಇದೆ. ವಿಂಟನ್ 2018ರಲ್ಲಿ ತೀರ್ಕೊಂಡ. ಮಾಡಿದ ವಸ್ತು ಮಾಡಿದವನನ್ನೇ ಹೊರಗೆ ಹಾಕೋದು ಅಂದ್ರೆ ಇದು.

ಸುಮ್ನೆಬಂದೆ
ಹಿಲ್ಸ್‌ಬರೋ ಅವ್ರೇ ಅಲ್ಲಿ ಬಾಡಿಗೆ ಎಷ್ಟಿದೆ ಈಗ? ತಮ್ಮ ಬರ್ತಾನೆ ಮುಂದಿನ ತಿಂಗ್ಳು

ಹಿಲ್ಸ್‌ಬರೋಮಳೆ
ಇನ್‌ಬಾಕ್ಸ್‌ಗೆ ಬನ್ನಿ, ಇಲ್ಲಿ ಹೇಳಿದ್ರೆ ಸೈತಾನ್‌ಗಿಂತ ಜಾಸ್ತಿ ಹೆದರ್ತೀರ.

ಕೊನೇಬೆಂಚು
ಒಂದು ವಿಷ್ಯ ಯಾರೂ ಹೇಳ್ಲಿಲ್ಲ. ಕ್ಲಿಪ್ ಮಾತ್ರ ನೋಡ್ದೋರಿಗೆ ಗೊತ್ತಾಗಲ್ಲ, ಪೂರ್ತಿ ಸಿನಿಮಾದಲ್ಲಿ ಟ್ವೇನ್ ಕೂಡ ಇಬ್ಬರು. ಬಿಳಿ ಸೂಟ್ ಹಾಕ್ಕೊಂಡು ಜೋಕ್ ಹೇಳ್ತಾ ಓಡಾಡೋ ಟ್ವೇನ್ ಒಬ್ಬ, ಹಡಗಿನ ಕತ್ತಲೆ ಮೂಲೇಲಿ ಕಪ್ಪು ಬಟ್ಟೆಯ ಟ್ವೇನ್ ಇನ್ನೊಬ್ಬ, ಕಹಿ ಮಾತು ಆಡೋನು. ಕೊನೇಲಿ ಇಬ್ರೂ ಒಂದಾಗಿ ಧೂಮಕೇತುಗೆ ಸೇರ್ಕೋತಾರೆ. ಸ್ಯಾಮುಯೆಲ್ ಕ್ಲೆಮೆನ್ಸ್ ಅಂತ ಹುಟ್ಟಿ ಮಾರ್ಕ್ ಟ್ವೇನ್ ಅಂತ ಬದುಕಿದೋನ ಬಗ್ಗೆ ಸಿನಿಮಾ ಮಾಡ್ಬೇಕಾದ್ರೆ ಇದಿಲ್ದೆ ಆಗಲ್ಲ. ಹಂಗಾಗಿ ಸೈತಾನ್ ದೃಶ್ಯ ಸುಮ್ನೆ ಹೆದರ್ಸೋಕೆ ತುರುಕಿದ್ದು ಅನ್ನೋದನ್ನ ನಾನು ಒಪ್ಪಲ್ಲ @ಸುಮ್ನೆಬಂದೆ. ಮಕ್ಕಳು ಆ ಬಾಗಿಲು ತೆಗೆದಾಗ ಕಂಡಿದ್ದು ಆ ಕಪ್ಪು ಟ್ವೇನ್‌ನ ತಲೆಯ ಒಳಭಾಗ.

ಸುಮ್ನೆಬಂದೆ
ಇರ್ಬಹುದು. ಆದ್ರೂ ಮಕ್ಕಳಿಗೆ ಅಂತ ಟಿಕೆಟ್ ಮಾರಿ ದೊಡ್ಡೋರ ತಲೆ ಒಳಭಾಗ ತೋರ್ಸೋದು ಯಾವ ನ್ಯಾಯ?

ಬೊಂಬೆಕೆಲಸ
ಆ ಕ್ಲಿಪ್ಪನ್ನ ಸ್ಕ್ರೀನ್ ದೊಡ್ಡದು ಮಾಡಿ ನಿಲ್ಲಿಸಿ ನಿಲ್ಲಿಸಿ ನೋಡಿ. ಮೈ ಮೇಲೆಲ್ಲಾ ಸಣ್ಣ ನಡುಕ ಇದ್ದಂಗೆ ಕಾಣುತ್ತೆ. ಅದು ಆನಿಮೇಟರ್ ಕೈ ತಾಗಿ ತಾಗಿ ಮೇಲ್ಮೈ ಬದಲಾಗೋದ್ರಿಂದ, ನಮ್ಮ ಭಾಷೇಲಿ ಬಾಯ್ಲಿಂಗ್ ಅಂತೀವಿ. ಕೆಲವು ಕಡೆ ಬೆರಳಚ್ಚೇ ಕಾಣುತ್ತೆ. ಮಣ್ಣಿನ ಪುಟ್ಟ ಜನರ ಮೇಲೂ ಅದೇ, ಅವ್ರನ್ನ ಹೊಸಕೋ ಸೈತಾನ್ ಮೇಲೂ ಅದೇ, ನೋಡಿ ಹೆದರೋ ಮಕ್ಕಳ ಕೆನ್ನೆ ಮೇಲೂ ಅದೇ. ಸೈತಾನ್ ನಾನೇ ಮಾಡಿದೋನು ನಾನೇ ಮುರೀತೀನಿ ಅಂತ ಮೆರೀತಾನೆ, ಆದ್ರೆ ಅವನ ಮೈಮೇಲೂ ಬೇರೆ ಯಾರದೋ ಹೆಬ್ಬೆಟ್ಟಿದೆ. ಆ ದೃಶ್ಯದಲ್ಲಿ ನಂಗೆ ಇದೇ ಮುಖ್ಯ ಅನ್ಸೋದು, ಇದನ್ನ ಕಂಪ್ಯೂಟರ್ ಆನಿಮೇಷನ್ನಲ್ಲಿ ಮಾಡಿದ್ರೆ ಅರ್ಧ ಭಯ ಹೊರಟು ಹೋಗುತ್ತೆ.

ಫೇಡಾಪ್ರಿಯ
ಬೆರಳಚ್ಚು!! ತಮ್ಮಾ, ಇದು ಛಲೋ ಹಿಡದಿ. ಟ್ವೇನ್ 1894ರಾಗ "ಪಡನ್‌ಹೆಡ್ ವಿಲ್ಸನ್" ಅಂತ ಕಾದಂಬರಿ ಬರದಾನ. ಗುಲಾಮಗಿರಿ ಕಾಲ. ರಾಕ್ಸಿ ಅನ್ನೋ ದಾಸಿ, ನೋಡಾಕ ಬೆಳ್ಳಗ ಇದ್ದರೂ ಕಾನೂನಿನ ಪ್ರಕಾರ ಗುಲಾಮಳು, ತನ್ನ ಕೂಸನ್ನೂ ಧಣಿ ಕೂಸನ್ನೂ ತೊಟ್ಟಿಲದಾಗ ಅದಲು ಬದಲು ಮಾಡ್ತಾಳ. ಗುಲಾಮನಾಗಬೇಕಾದಾಂವ ಧಣಿ ಆಗಿ ಬೆಳೀತಾನ, ಧಣಿ ಗುಲಾಮ ಆಗ್ತಾನ, ಯಾರಿಗೂ ಗೊತ್ತಾಗೂದಿಲ್ಲ. ಬಟ್ಟಿ ಬದಲಾದ್ರ ಮನಶ್ಯಾನೇ ಬದಲಾದ. ಊರ ಮಂದಿ ದಡ್ಡ ಅಂತ ನಗತಿದ್ದ ವಕೀಲ ವಿಲ್ಸನ್ ವರ್ಷಾನುಗಟ್ಟಲೆ ಗಾಜಿನ ಪಟ್ಟಿ ಮ್ಯಾಲ ಎಲ್ಲಾರ ಬೆರಳಚ್ಚು ಕೂಡಿಸಿ ಇಟ್ಟಿರ್ತಾನ, ಕಡೀಕ ಕೋರ್ಟಿನಾಗ ಅದರಿಂದ ಸತ್ಯ ಹೊರಗ ಬೀಳತೈತಿ. ಇಂಗ್ಲೆಂಡಿನ ವಿಜ್ಞಾನಿ ಗಾಲ್ಟನ್‌ನ ಬೆರಳಚ್ಚಿನ ಪುಸ್ತಕ ಬಂದದ್ದೇ 1892ಕ್ಕ, ಎರಡೇ ವರ್ಷದಾಗ ಈತ ಕಾದಂಬರಿಗೆ ತಂದ.

ಅದರಾಗಿನ ಕ್ರೂರತನ ಏನ್ ಗೊತ್ತೇನ್ರಿ? ಸತ್ಯ ಹೊರಗ ಬಂದ ಮ್ಯಾಲ ಇಬ್ಬರಿಗೂ ಬದುಕಿಲ್ಲ. ಗುಲಾಮ ಅಂತ ಬೆಳದಾಂವಗ ಧಣಿ ಹೆಂಗ ಇರಬೇಕು ಗೊತ್ತಿಲ್ಲ, ಮಾತು ನಡಿಗಿ ಎಲ್ಲಾ ಗುಲಾಮಂದು. ಬೆರಳಚ್ಚು ನೀ ಯಾರು ಅಂತ ಹೇಳತೈತಿ, ಹೆಂಗ ಬದುಕಬೇಕು ಅಂತ ಹೇಳೂದಿಲ್ಲ.

ಕರಾವಳಿಕಾಗೆ
ಬೆರಳಚ್ಚಿನ ಕಥೆ ಶುರುವಾದದ್ದೇ ನಮ್ಮ ದೇಶದಲ್ಲಿ ಅಲ್ವಾ. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಒಬ್ಬ ಗುತ್ತಿಗೆದಾರನ ಅಂಗೈ ಅಚ್ಚು ಒತ್ತಿಸಿಕೊಂಡದ್ದು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಬ್ಯೂರೋ ಆಯ್ತು, ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಲೆಕ್ಕ ಹಾಕಿ ವಿಂಗಡಣೆ ಮಾಡಿದ್ದು, ಹೆಸರು ಬಂದದ್ದು ಅವರ ಮೇಲಿನ ಬ್ರಿಟಿಷ್ ಪೊಲೀಸ್ ಅಧಿಕಾರಿ ಎಡ್ವರ್ಡ್ ಹೆನ್ರಿಗೆ.

ಎರಡುಮಕ್ಕಳಮ್ಮ
ಬೆರಳಚ್ಚು ನೀನು ಯಾರು ಅಂತ ಹೇಳುತ್ತೆ ಅಂತೀರ, ನಮ್ಮತ್ತೆಗೆ ರೇಷನ್ ಅಂಗಡೀಲಿ ಥಂಬೇ ಬರಲ್ಲ. ಜೀವಮಾನ ಪೂರ್ತಿ ಪಾತ್ರೆ ತಿಕ್ಕಿ ಹೊಲದಲ್ಲಿ ಕಳೆ ಕಿತ್ತು ಗೆರೆಗಳೇ ಸವೆದು ಹೋಗಿವೆ. ಮಿಷನ್ನು "ಹೊಂದಿಕೆ ಆಗ್ತಿಲ್ಲ" ಅನ್ನುತ್ತೆ, ಅಂಗಡಿಯೋನು ಇವ್ರನ್ನ ನಲವತ್ತು ವರ್ಷದಿಂದ ನೋಡಿದಾನೆ, ಆದ್ರೂ ಅಜ್ಜಿ ನೀವು ನೀವೇ ಅಂತ ಮಿಷನ್ ಒಪ್ಬೇಕು ಅಂತಾನೆ. ಮೊದ್ಲು ಇದಕ್ಕೊಂದು ಆನಿಮೇಷನ್ ಮಾಡಿ.

ರಾತ್ರಿಪಾಳಿ
ಈ ಚರ್ಚೆಲಿ ಬಂದ ಎಲ್ಲಾ ಕಥೆಗಿಂತ ಇದೇ ಭಯಾನಕ.

ಸುಮ್ನೆಬಂದೆ
@ಬೊಂಬೆಕೆಲಸ ಬೆರಳಚ್ಚು ವಾದ ಚೆನ್ನಾಗಿದೆ, ಆದ್ರೆ ಒಂದು ಪ್ರಶ್ನೆ. ವಾಲೇಸ್ ಅಂಡ್ ಗ್ರೊಮಿಟ್ ಅನ್ನೋ ಕ್ಲೇ ಸಿನಿಮಾಗಳಲ್ಲೂ ಬೆರಳಚ್ಚು ಕಾಣುತ್ತೆ. ಅಲ್ಲಿ ಯಾರೂ ಹೆದರಲ್ಲ, ಮುದ್ದಾಗಿದೆ ಅಂತಾರೆ. ಅದೇ ಗುರುತು ಇಲ್ಲಿ ಮಾತ್ರ ದೊಡ್ಡ ತತ್ವ ಆಗೋದು ಹೆಂಗೆ? ಕಾಣ್ತು, ಅಳಿಸೋಕೆ ಟೈಮಿರ್ಲಿಲ್ಲ, ಬಿಟ್ರು.

ಬೊಂಬೆಕೆಲಸ
ಟೈಮಿರ್ಲಿಲ್ಲ ಅನ್ನೋದೂ ನಿಜಾನೇ ಇರ್ಬಹುದು, ನಾವೂ ಡೆಡ್‌ಲೈನ್ ಬಂದ್ರೆ ಬೇಬಿ ವೈಪ್ಸಲ್ಲಿ ಒಂದು ಸಲ ಒರೆಸಿ ಮುಂದೆ ಹೋಗ್ತೀವಿ. ಆದ್ರೆ ವಾಲೇಸ್ ಅಂಡ್ ಗ್ರೊಮಿಟ್ ಲೋಕದಲ್ಲಿ ಮಾಡಿದೋನ ಬಗ್ಗೆ ಮಾತೇ ಬರಲ್ಲ, ಗುರುತು ಕಂಡ್ರೆ ಯಾರೋ ಪ್ರೀತಿಯಿಂದ ಕೂತು ಮಾಡಿದಾರೆ ಅನ್ಸುತ್ತೆ. ಇಲ್ಲಿ ಕಥೇನೇ ಮಣ್ಣಿನ ಜನ ಮಾಡೋದರ ಬಗ್ಗೆ. ತೆರೆ ಮೇಲೆ ಒಂದು ಕೈ ಮಣ್ಣು ಕಲಸ್ತಿದ್ದಾಗ ತೆರೆ ಆಚೆಗಿರೋ ಕೈ ನೆನಪಾಗ್ದೇ ಇರುತ್ತಾ?

ಸುಮ್ನೆಬಂದೆ
ನಂಗಂತೂ ನೆನಪಾಗ್ಲಿಲ್ಲ. ನೀವು ಆ ಕೆಲಸ ಮಾಡ್ತೀರ, ನಿಮಗ್ ಆಗುತ್ತೆ.

ಕೊನೇಬೆಂಚು
ಇಬ್ರೂ ಯಾನ್ ಶ್ವಾಂಕ್‌ಮೇಯರ್ ನೋಡಿ ಆಮೇಲೆ ಜಗಳ ಮುಂದುವರ್ಸಿ. ಪ್ರಾಗ್‌ನೋನು, 1982ರ "ಡೈಮೆನ್ಷನ್ಸ್ ಆಫ್ ಡೈಲಾಗ್". ಮೊದಲ ಭಾಗದಲ್ಲಿ ಒಂದು ತಲೆ ತರಕಾರಿಯಿಂದ, ಒಂದು ಪಾತ್ರೆ ಸಾಮಾನಿಂದ, ಒಂದು ಪುಸ್ತಕ ಕಾಗದದಿಂದ ಮಾಡಿರೋದು. ಒಂದನ್ನೊಂದು ನುಂಗಿ ಅಗಿದು ಉಗೀತಾವೆ, ಪ್ರತಿ ಸಲ ಇನ್ನೂ ನುಣ್ಣಗಾಗ್ತಾವೆ, ಕೊನೆಗೆ ಎಲ್ಲಾ ಒಂದೇ ಥರದ ಮಣ್ಣಿನ ತಲೆ, ಒಂದು ಇನ್ನೊಂದನ್ನ ಕಕ್ಕುತ್ತೆ, ಅದು ಮತ್ತೊಂದನ್ನ. ಮಾತಾಡಿ ಮಾತಾಡಿ ಎಲ್ರೂ ಒಂದೇ ಆಗೋದು. ಎರಡನೇದ್ರಲ್ಲಿ ಒಬ್ಬ ಗಂಡಸು ಒಬ್ಳು ಹೆಂಗಸು ಪ್ರೀತಿ ಮಾಡ್ತಾ ಒಂದೇ ಮುದ್ದೆ ಆಗ್ತಾರೆ, ಬೇರೆ ಆದ್ಮೇಲೆ ಒಂದು ಸಣ್ಣ ಉಂಡೆ ಮಿಕ್ಕುತ್ತೆ. ಇಬ್ರಿಗೂ ಬೇಡ. ಅದನ್ನ ಮುಖಕ್ಕೆ ಎಸೆದಾಡಿ ಕೊನೆಗೆ ಒಬ್ಬರನ್ನೊಬ್ರು ಹರಿದು ಹಾಕ್ತಾರೆ. 1983ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಕಿರುಚಿತ್ರದ ಗೋಲ್ಡನ್ ಬೇರ್ ಪ್ರಶಸ್ತಿ ಬಂತು, ಅವ್ನ ದೇಶದಲ್ಲೇ ಕಮ್ಯುನಿಸ್ಟ್ ಸರ್ಕಾರ ತೋರ್ಸೋಕೆ ಬಿಡ್ಲಿಲ್ಲ. ನಿಜವಾದ ಬ್ಯಾನ್ ಅಂದ್ರೆ ಇದು.

ಎರಡುಮಕ್ಕಳಮ್ಮ
ಆ ಮಿಕ್ಕಿದ ಉಂಡೆ ಮಗು ಅಂತಾನಾ?

ಕೊನೇಬೆಂಚು
ತುಂಬಾ ಜನ ಹಂಗೇ ಓದ್ತಾರೆ ಮೇಡಂ. ನಂಗೆ ಅದು ಇಬ್ರಿಗೂ ಸೇರ್ದೇ ಇರೋ ಏನೋ ಒಂದು ಅನ್ಸುತ್ತೆ, ಮದುವೆ ಆದೋರಿಗೆ ಜಾಸ್ತಿ ಗೊತ್ತಿರ್ಬೇಕು.

ಬೊಂಬೆಕೆಲಸ
ಅವನದೇ 1989ರ "ಡಾರ್ಕ್‌ನೆಸ್ ಲೈಟ್ ಡಾರ್ಕ್‌ನೆಸ್" ನಂಗೆ ಅದಕ್ಕಿಂತ ಇಷ್ಟ. ಒಂದು ಪುಟ್ಟ ಕೋಣೆ. ಬಾಗಿಲಿಂದ ಒಂದು ಕೈ ಬರುತ್ತೆ, ಇನ್ನೊಂದು ಕೈ, ಕಣ್ಣುಗುಡ್ಡೆ, ಕಿವಿ, ಮೂಗು, ನಾಲಿಗೆ, ಮೆದುಳು, ಒಂದೊಂದಾಗಿ ಬಂದು ತಾವೇ ಜೋಡಿಸ್ಕೊಂಡು ಒಬ್ಬ ಮನುಷ್ಯ ಆಗ್ತಾನೆ. ನಡುವೆ ತಪ್ಪು ತಪ್ಪಾಗಿ ಜೋಡಣೆ ಆಗೋದು ನಗು ಬರೋ ಹಂಗಿದೆ. ಪೂರ್ತಿ ಆದಾಗ ಕೋಣೆ ಸಾಲದು, ಮುದುರಿಕೊಂಡು ತಲೆ ಚಾವಣಿಗೆ ತಾಗಿಸಿ ಕೂತಿರ್ತಾನೆ. ಕೈ ಚಾಚಿ ಲೈಟ್ ಆರಿಸ್ತಾನೆ, ಮುಗೀತು. ಇದ್ರಲ್ಲಿ ಸೈತಾನ್ ಇಲ್ಲ, ಮಾಡೋ ದೇವರೂ ಇಲ್ಲ, ಅವನೇ ಅವನನ್ನ ಮಾಡ್ಕೊಂಡ. ಯಾರ ಹೆಬ್ಬೆಟ್ಟು ಅಂತ ಕೇಳೋಕೂ ಜಾಗ ಇಲ್ಲ @ಸುಮ್ನೆಬಂದೆ, ನಿಮಗೆ ಇದು ಒಪ್ಪಿಗೆ ಆಗ್ಬಹುದು.

ಸುಮ್ನೆಬಂದೆ
ನೋಡಿದೆ ಈಗಷ್ಟೇ. ಒನ್ ಬಿಎಚ್‌ಕೆ ಬಗ್ಗೆ ಮಾಡಿರೋ ಸಿನಿಮಾ ಅದು. ಇಷ್ಟ ಆಯ್ತು.

ಹಳೇಟೇಪ್
ಇಷ್ಟೊಂದು ಬರುತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಫೇಡಾಪ್ರಿಯ ಸಾರ್, ಒಂದು ಉಳ್ಕೊಂಡಿದೆ. ಆ ಕೊನೇ ಕನಸಿನ ಮಾತು ಪೇನ್ ಅಂಟಿಸಿದ್ದು ಅಂದ್ರಲ್ಲ, ಹಂಗಾದ್ರೆ ಆ ಮಾತು ಟ್ವೇನ್‌ದಲ್ವಾ?

ಫೇಡಾಪ್ರಿಯ
ಮಾತು ಅವಂದೇ ರೀ, ಅದರಾಗ ಸಂಶಯ ಇಲ್ಲ. 1904ರಾಗ ಬರದು, ಪುಸ್ತಕದ ಮುಕ್ತಾಯ ಅಂತ ತಾನೇ ತಲಿಬರಹ ಹಾಕಿ ಇಟ್ಟಿದ್ದ. ಅದೇ ವರ್ಷ ಹೆಂಡತಿ ಒಲಿವಿಯಾ ತೀರಿಕೊಂಡ್ಲು. ಆದ್ರ ಅದು ನಕಲು ಮಂದಿಯ ಅಚ್ಚುಕೂಟದ ಕತಿಗೆ ಬರದ ಮುಕ್ತಾಯ. ಅಲ್ಲಿ 44 ಆ ಮಾತು ಹೇಳೂದು ದೋಸ್ತನಾಗಿ, ಇನ್ನ ಮ್ಯಾಲ ಇದಕ್ಕಿಂತ ಛಲೋ ಕನಸು ಕಾಣು ಅಂತ ಬಿಡುಗಡಿ ಮಾಡಿ ಹೋಗ್ತಾನ. ಅದನ್ನ ತಗದು ಮಂದಿ ಹೊಸಕೋ ಸೈತಾನನ ಬಾಯಾಗ ಇಟ್ರ ಅರ್ಥ ತಿರುವು ಮುರುವು ಆಗತೈತಿ, ಸಿನಿಮಾದಾಗ ಕೇಳಿ ಹುಡುಗರು ಅಂಜೋದು ಅದಕ್ಕ.

ಕೊನೇಬೆಂಚು
ಆದ್ರೂ ಸಾರ್, ಪೇನ್ ಅಂಟಿಸಿದ್ದೇ ಒಳ್ಳೇದಾಯ್ತು ಅಂತ ನನ್ನ ವಾದ. ಇಲ್ಲಾಂದ್ರೆ ಈ ಐದು ನಿಮಿಷನೇ ಇರ್ತಿರ್ಲಿಲ್ಲ.

ಫೇಡಾಪ್ರಿಯ
ಸತ್ತಾಂವನ ಹಸ್ತಪ್ರತಿ ತಿದ್ದಿ ಸುಳ್ಳು ಹೇಳಿದ್ದಕ್ಕ ಒಳ್ಳೇದಾತು ಅಂತೀಯೇನಪಾ. ನಾಳಿ ಪರೀಕ್ಷಾ ಪೇಪರ್ ತಿದ್ದೂದೈತಿ, ಮುಗಸಿ ಬಂದು ನಿನ್ನ ವಿಚಾರಸ್ತೀನಿ.

ಎರಡುಮಕ್ಕಳಮ್ಮ
ಬೊಂಬೆಕೆಲಸ ಅವ್ರೇ, ಇದೆಲ್ಲಾ ಓದ್ತಾ ಇದ್ದೆ ಅಂತ ದೊಡ್ಡವಳಿಗೆ ಕ್ಲೇ ತಂದುಕೊಟ್ಟೆ, ಈಗ ಸೋಫಾ ಬಟ್ಟೆ ಮೇಲೆಲ್ಲಾ ನೀಲಿ ಬಣ್ಣದ್ದು ಅಂಟಿದೆ. ನೀರು ಹಾಕಿ ಉಜ್ಜಿದ್ರೆ ಇನ್ನೂ ಹರಡ್ತಿದೆ, ಏನ್ ಮಾಡ್ಲಿ?

ಬೊಂಬೆಕೆಲಸ
ಉಜ್ಜಬೇಡಿ ಮೇಡಂ! ಕವರಲ್ಲಿ ಐಸ್ ಹಾಕಿ ಅದರ ಮೇಲಿಟ್ಟು ಗಟ್ಟಿ ಮಾಡಿ, ಹಳೇ ಎಟಿಎಂ ಕಾರ್ಡಲ್ಲಿ ಮೆಲ್ಲಗೆ ಕೆರೆದು ತೆಗೀರಿ. ಉಳಿದಿರೋ ಎಣ್ಣೆ ಕಲೆಗೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ. ಕೆಂಪು ಆಗಿದ್ರೆ ಕಷ್ಟ ಆಗ್ತಿತ್ತು, ನೀಲಿ ಹೋಗುತ್ತೆ.